ಮೂರು ಕೈಯ ಆಸಿಡ್ ಮತ್ತು ವೀರಮ್ಮಜ್ಜಿಯ ಬಿಂದಿಗೆ

ನಮ್ಮ ಪಕ್ಕದ ಮನೆಯ ಮೂರ್ತಪ್ಪನವರು ಜೀವನದಲ್ಲಿ ಸುಳ್ಳು ಹೇಳಿದವರಲ್ಲ. ಬೇರೆಯವರು ತಮ್ಮ ವಿಷಯದಲ್ಲಿ ಹೇಳಿದ ಸುಳ್ಳನ್ನು ತಿದ್ದಲಿಲ್ಲ, ಅಷ್ಟೇ ಅವರ ಅಪರಾಧ. ಒಂದು ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಅಟೆಂಡರ್ ಆಗಿದ್ದು, ನಿವೃತ್ತರಾಗಿ, ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಗೆ ಬಂದರು. ಬಂದ ದಿನವೇ ನಾನು ಕಾಂಪೌಂಡಿನ ಈಚೆಯಿಂದ, "ಎಲ್ಲಿ ಕೆಲಸ ಮಾಡ್ತಿದ್ರಿ ಸಾರ್?" ಎಂದು ಕೇಳಿದೆ. "ಕಾಲೇಜಲ್ಲಿ. ಕೆಮಿಸ್ಟ್ರಿ" ಎಂದರು. ಆಡಿದ್ದು ಎರಡು ಮಾತು, ಎರಡೂ ನಿಜ.

ಮಾರನೆಯ ದಿನ ನನ್ನ ಹೆಂಡತಿ ಚೌಡಮ್ಮ ಅವರನ್ನು "ಮೇಷ್ಟ್ರೇ" ಎಂದು ಕೂಗಿದಳು. ಮೂರ್ತಪ್ಪನವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಹಾಗಾಗಿ "ಏನಮ್ಮಾ?" ಎಂದರು. ಅಲ್ಲಿಗೆ ನೇಮಕಾತಿ ಆಗಿಹೋಯಿತು. ಆರು ತಿಂಗಳಲ್ಲಿ ಬೀದಿಯವರೆಲ್ಲ ಸೇರಿ ಅವರಿಗೆ ಪ್ರೊಫೆಸರ್ ಎಂದು ಬಡ್ತಿಯನ್ನೂ ಕೊಟ್ಟೆವು. ಅವರು ಯಾವುದನ್ನೂ ಕೇಳಿ ಪಡೆದವರಲ್ಲ, ಕೊಟ್ಟದ್ದನ್ನು ಬೇಡವೆಂದವರೂ ಅಲ್ಲ.

ಅವರು ಅಟೆಂಡರ್ ಎಂಬುದು ನನಗೆ ತಿಳಿದದ್ದು ಇದೆಲ್ಲ ಮುಗಿಯುವ ಹೊತ್ತಿಗೆ. ನಿಮಗೆ ಮಾತ್ರ ಮೊದಲೇ ಹೇಳಿಬಿಟ್ಟೆ. ನಾನು, ಕರಿಯಪ್ಪ, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಮುಂದಿನ ಸ್ಟಾಪ್ ಯಾವುದೆಂದು ಮೊದಲೇ ಕೂಗಿ ಅಭ್ಯಾಸ.

ಮೂರ್ತಪ್ಪನವರಿಗೆ ಒಬ್ಬಳೇ ಮಗಳು, ದೀಪಶ್ರೀ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ನಾಲ್ಕು ವರಗಳು ಬಂದು ಉಪ್ಪಿಟ್ಟು ತಿಂದು ಹೋಗಿದ್ದವು. ಒಬ್ಬನಿಗೂ ಅವಳು ಹೂಂ ಎಂದಿರಲಿಲ್ಲ. ಐದನೆಯವನು ಭದ್ರಾವತಿ ನ್ಯೂ ಟೌನಿನ ಯೋಗರಾಜ್, ಕರೆಂಟ್ ಆಫೀಸಿನಲ್ಲಿ ಎಂಜಿನಿಯರ್. ಆ ಹುಡುಗ ಗಾಬರಿಯಲ್ಲಿ ಕಾಫಿಯನ್ನು ತನ್ನ ಪ್ಯಾಂಟಿನ ಮೇಲೇ ಚೆಲ್ಲಿಕೊಂಡು, "ಪರವಾಗಿಲ್ಲ, ಬಿಸಿ ಇರ್ಲಿಲ್ಲ" ಎಂದ. ಹಾಗೆಂದರೆ ಕಾಫಿ ಕೊಟ್ಟವರಿಗೆ ಅವಮಾನವೆಂದು ಹೊಳೆದು, "ಅಂದ್ರೆ, ಬಿಸಿ ಇತ್ತು, ಸುಡ್ತಾ ಇದೆ" ಎಂದ. ದೀಪಶ್ರೀ ನಕ್ಕಿದ್ದು ನಮ್ಮ ಮನೆಯ ಹಿತ್ತಲಿಗೂ ಕೇಳಿಸಿತು. ಮಗಳು ಹಾಗೆ ನಕ್ಕಿದ್ದನ್ನು ಕಂಡು ಮೂರ್ತಪ್ಪನವರ ಕಣ್ಣಲ್ಲಿ ನೀರೇ ಬಂದುಬಿಟ್ಟಿತಂತೆ.

ಸಂಬಂಧ ಕುದುರಿಸಿದವನು ಮೂರ್ತಪ್ಪನವರ ಹೆಂಡತಿ ಹಾಲಮ್ಮನ ತಮ್ಮ ಶಿವಯೋಗಿ. ಮಾತಿಗೆ ಒಗ್ಗರಣೆ ಹಾಕದೆ ಬಡಿಸಿದ ಮನುಷ್ಯನೇ ಅಲ್ಲ. "ನಮ್ಮ ಭಾವ ಕೆಮಿಸ್ಟ್ರಿ ಪ್ರೊಫೆಸರ್. ಅವರ ಹತ್ರ ಕಲಿತವರು ಇವತ್ತು ಫಾರಿನ್ನಲ್ಲಿ ಔಷಧಿ ಕಂಡುಹಿಡೀತಿದ್ದಾರೆ" ಎಂದು ನ್ಯೂ ಟೌನಿನಲ್ಲಿ ಹೇಳಿ ಬಂದಿದ್ದ. ಅದನ್ನು ಕೇಳಿ ಹುಡುಗನ ತಂದೆ ಷಡಕ್ಷರಪ್ಪನವರು ನಡುಗಿಹೋದರು. ಅವರು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ರಿಟೈರ್ ಆದವರು. ಬೀಗರಾಗುವವರು ವಿದ್ವಾಂಸರೆಂದು ತಿಳಿದಂದಿನಿಂದ ಬಾಯಿ ತೆರೆದರೆ ಆಕಾಶವಾಣಿಯ ವಾರ್ತೆ ಓದುವ ಕನ್ನಡವನ್ನೇ ಮಾತಾಡತೊಡಗಿದರು.

ಅವರ ಮನೆಯಲ್ಲಿ ಒಂದು ಪದ್ಧತಿ. ಹೆಣ್ಣು ಒಪ್ಪಿಗೆಯಾದ ಮೇಲೆ ಮನೆಯ ಹಿತ್ತಾಳೆ ಬಿಂದಿಗೆಯಲ್ಲಿ ಸಕ್ಕರೆ ತುಂಬಿಸಿ ಹೆಣ್ಣಿನ ಮನೆಗೆ ಕೊಟ್ಟು ಬರುತ್ತಾರೆ. ನಿಶ್ಚಿತಾರ್ಥದ ದಿನ ಹೆಣ್ಣಿನ ಕಡೆಯವರು ಅದೇ ಬಿಂದಿಗೆಯನ್ನು ಬೆಳಗಿ, ಅಕ್ಕಿ ತುಂಬಿಸಿ ವಾಪಸ್ ಕೊಡಬೇಕು. ಬರಿದಾಗಿ ಕೊಡುವಂತಿಲ್ಲ, ಕೊಳೆಯಾಗಿಯೂ ಕೊಡುವಂತಿಲ್ಲ. ಬಿಂದಿಗೆ ಷಡಕ್ಷರಪ್ಪನವರ ತಾಯಿ ವೀರಮ್ಮಜ್ಜಿಯದು. ಹುಡುಗನಿಗೆ ತಾಯಿ ಇಲ್ಲದ್ದರಿಂದ ಎಂಬತ್ತೆರಡರ ಅಜ್ಜಿಯದೇ ಆ ಮನೆಯ ದರ್ಬಾರು. ಬಿಂದಿಗೆಯ ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿತ್ತು. ಸೊಂಟದ ಮೇಲಿಟ್ಟು ನೀರು ಹೊತ್ತ ಕಾಲದ್ದೊಂದು ನಗ್ಗು ಪಕ್ಕದಲ್ಲಿತ್ತು.

ಬಿಂದಿಗೆ ಒಪ್ಪಿಸುವಾಗ ಅಜ್ಜಿ ಹಾಲಮ್ಮನ ಕೈ ಹಿಡಿದು, "ಇದು ಅಂಗಡಿ ಮಾಲಲ್ಲ ಕಣಮ್ಮ. ಹಿತ್ತಾಳೆ ಕರಗಿಸೋ ಹೊತ್ಗೆ ನಮ್ಮಪ್ಪ ಬೆರಳಿನ ಉಂಗುರ ಬಿಚ್ಚಿ ಹಾಕಿದ್ದ. ಬಂಗಾರ ಕೂಡಿದೆ ಇದ್ರಲ್ಲಿ. ಅದಕ್ಕೇ ನೋಡು, ಈ ಹಳದಿ" ಎಂದಳು. ಹಿಂದೆ ನಿಂತಿದ್ದ ಷಡಕ್ಷರಪ್ಪನವರು, "ಅದು ಮಾತೃಶ್ರೀಯವರ ಬಲವಾದ ನಂಬಿಕೆ" ಎಂದು ಮೆಲ್ಲಗೆ ನುಡಿದರು.

ನಿಶ್ಚಿತಾರ್ಥಕ್ಕೆ ಇನ್ನು ಒಂಬತ್ತು ದಿನವಿರುವಾಗ ಹಾಲಮ್ಮ ಹುಣಸೆಹಣ್ಣಿನ ಉಂಡೆ ಹಿಡಿದು ಬಿಂದಿಗೆಯ ಮುಂದೆ ಕೂತರು. ಆಗ ಮೂರ್ತಪ್ಪನವರು ಒಳಗಿಂದ ಬಂದರು. ಕಾಂಪೌಂಡಿನ ಈಚೆ ನಾನು ಹಲ್ಲುಜ್ಜುತ್ತಿದ್ದೆ. ಅವರ ದುರದೃಷ್ಟಕ್ಕೆ ಕೇಳುವವನೊಬ್ಬ ಸಿಕ್ಕಿದ್ದ.

"ಬಿಡು ಆ ಹುಣಸೆಹಣ್ಣನ್ನ. ಅದರಲ್ಲಿರೋ ಆಸಿಡ್‌ಗೆ ಎಷ್ಟು ಕೈ ಗೊತ್ತಾ?"

"ಹುಣಸೆಹಣ್ಣಿಗೆ ಕೈಯಾ?"

"ಕಾರ್ಬಾಕ್ಸಿಲ್ ಅಂತಾರೆ. ನೀನು ಕೈ ಅಂತ ತಿಳ್ಕೋ. ಕಿಲುಬು, ತುಕ್ಕು, ಉಪ್ಪಿನ ಪದರ, ಎಲ್ಲಾನೂ ಹಿಡಿದು ಎಳೆಯೋ ಕೈ. ವಿನಿಗರ್‌ಗೆ ಒಂದೇ ಕೈ. ಹುಣಸೆಗೆ ಎರಡು. ನಿಂಬೆ ಉಪ್ಪು ಇದೆಯಲ್ಲ, ಸಿಟ್ರಿಕ್ ಆಸಿಡ್, ಅದಕ್ಕೆ ಮೂರು! ಮೂರು ಕೈಯವನು ಸಿಗೋವಾಗ ಎರಡು ಕೈಯವನನ್ನ ಯಾರಾದ್ರೂ ಕೂಲಿಗೆ ಕರೀತಾರಾ?"

"ನನಗಿರೋದೂ ಎರಡೇ ಕೈ. ಈ ಮನೆ ನಡೀತಿಲ್ವಾ?" ಎಂದರು ಹಾಲಮ್ಮ. ಆದರೆ ಮೂರ್ತಪ್ಪನವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಗಾಂಧಿ ಬಜಾರಿನ ಅಂಗಡಿಯವನು "ಐವತ್ತು ಗ್ರಾಮ್ ಕೊಡ್ಲಾ?" ಎಂದ. ಇವರು ಐದು ಕೆಜಿ ಎಂದರು. "ಶರಬತ್ತಿನ ಅಂಗಡಿನಾ ಸಾರ್?" "ಅಲ್ಲ, ಪ್ರಯೋಗ." ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ, ಗಂಟು ಕಟ್ಟಿಕೊಟ್ಟ.

ಹಿತ್ತಲಿನ ದೊಡ್ಡ ಟಬ್ಬಿಗೆ ಬಿಸಿನೀರು ಬಿತ್ತು, ನಿಂಬೆ ಉಪ್ಪು ಬಿತ್ತು, ಬಿಂದಿಗೆ ಮುಳುಗಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟೊಂದು ಆಸಿಡ್ ಒಂದು ಬಿಂದಿಗೆಗಾಗಿ ದುಂದಾಗುತ್ತದಲ್ಲ ಎಂದು ಮೂರ್ತಪ್ಪನವರ ಹೊಟ್ಟೆ ಉರಿಯಿತು. ತುಕ್ಕು ಹಿಡಿದ ಈಳಿಗೆಮಣೆಯನ್ನೂ, ಹಳೆಯ ಸೈಕಲ್ ಚೈನನ್ನೂ, ಗೇಟಿನ ಚಿಲಕವನ್ನೂ ತಂದು ಅದೇ ಟಬ್ಬಿಗೆ ಹಾಕಿದರು. "ಎರಡು ಗಂಟೆ ಸಾಕು" ಎಂದು ಮುಚ್ಚಳ ಮುಚ್ಚಿದರು.

ಆ ಎರಡು ಗಂಟೆ ಕಳೆಯಲೆಂದು ನಮ್ಮ ಮನೆಗೆ ಬಂದು ಗೀಸರ್ ಬಿಚ್ಚಿಸಿದರು. ಕಾಯ್ಲ್ ಮೇಲೆ ಬೋರ್ ನೀರಿನ ಬಿಳಿ ಹೆಪ್ಪು ಬೆರಳು ದಪ್ಪ ಕಟ್ಟಿತ್ತು. ನಿಂಬೆ ಉಪ್ಪಿನ ನೀರಲ್ಲಿ ಅದ್ದಿದ ತಕ್ಷಣ ಬುರುಬುರು ನೊರೆ ಎದ್ದು ಎಲ್ಲ ಕರಗಿಹೋಯಿತು. ಚೌಡಮ್ಮ ಕೈ ಮುಗಿದುಬಿಟ್ಟಳು. ಅದೇ ಮುಳುವಾಯಿತು ನೋಡಿ. ಸುದ್ದಿ ಬೀದಿಗೆ ಹಬ್ಬಿತು. ಮೂರು ದಿನ ಮೂರ್ತಪ್ಪನವರು ಮನೆ ಮನೆ ತಿರುಗಿ ವಾಷಿಂಗ್ ಮಷೀನು, ನಲ್ಲಿ, ಬಚ್ಚಲ ಟೈಲ್ಸು, ಕಾಲರ್ ಕೊಳೆ, ಎಲ್ಲಕ್ಕೂ ಮೂರು ಕೈ ಆಡಿಸಿದರು. ನಡುನಡುವೆ ಉಪನ್ಯಾಸ ಬೇರೆ. ಹಿತ್ತಲಿನ ಟಬ್ಬು ಮರೆತೇಹೋಯಿತು.

"ಬ್ಲಡ್ ಬ್ಯಾಂಕಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋದೂ ಇದರದ್ದೇ ಉಪ್ಪು ಕರಿಯಪ್ಪಾ. ಜಾಮ್‌ಗೂ ಇದೇ, ಸೋಡಾಗೂ ಇದೇ. ಅಷ್ಟೇ ಯಾಕೆ, ನಾವು ತಿಂದ ಅನ್ನ ಶಕ್ತಿ ಆಗೋವಾಗ ಮೈಯೊಳಗೂ ಇದೇ ಸುತ್ತು ಹೊಡೀತಾ ಇರುತ್ತೆ."

"ಹಾಗಾದ್ರೆ ಸಾರಿಗೂ ಹಾಕಬಹುದಾ ಮೇಷ್ಟ್ರೇ?" ಎಂದಳು ಚೌಡಮ್ಮ.

"ಧಾರಾಳವಾಗಿ!"

ಧಾರಾಳ ಎಂಬ ಮಾತನ್ನು ನನ್ನ ಹೆಂಡತಿ ಅಳತೆಯೆಂದು ತಿಳಿದಳು. ಆ ಮಧ್ಯಾಹ್ನದ ಸಾರನ್ನು ಉಂಡ ಮೇಲೆ ನನ್ನ ಎಡಗಣ್ಣು ಸಂಜೆಯವರೆಗೆ ತೆರೆಯಲಿಲ್ಲ. ನನಗೆ ಈ ಆಸಿಡ್ಡಿನ ಮೇಲೆ ಸ್ವಲ್ಪ ದ್ವೇಷವಿದ್ದರೆ ಓದುಗರು ಕ್ಷಮಿಸಬೇಕು.

ನಾಲ್ಕನೆಯ ದಿನ ಬೆಳಿಗ್ಗೆ ಪಕ್ಕದ ಹಿತ್ತಲಿಂದ ಹಾಲಮ್ಮನ ಕೂಗು ಕೇಳಿ ಓಡಿದೆ. ಟಬ್ಬಿನ ಮುಚ್ಚಳ ತೆರೆದಿತ್ತು. ಈಳಿಗೆ ಥಳಥಳಿಸುತ್ತಿತ್ತು. ಸೈಕಲ್ ಚೈನು ಹೊಸದಾಗಿತ್ತು. ಬಿಂದಿಗೆ ಮಾತ್ರ ಕೆಂಪಾಗಿತ್ತು. ಕೆಂಪೆಂದರೆ ಹೊಸ ತಾಮ್ರದ ಚೊಂಬಿನ ಕೆಂಪು. ಹುಡುಕಿದರೂ ಒಂದು ಚಿಟಿಕೆ ಹಳದಿ ಇರಲಿಲ್ಲ.

"ರೀ, ಹಿತ್ತಾಳೆ ಎಲ್ಲಿ ಹೋಯ್ತು?"

ಮೂರ್ತಪ್ಪನವರು ಬಿಂದಿಗೆಯನ್ನೂ ಟಬ್ಬನ್ನೂ ಒಂದಾದ ಮೇಲೊಂದು ನೋಡಿದರು. "ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಸತುನ ಆಸಿಡ್ ಹಿಡ್ಕೊಂಡು ಹೋಗಿದೆ. ಉಳಿದದ್ದು ತಾಮ್ರ" ಎಂದರು, ತೀರ್ಪು ಓದುವ ದನಿಯಲ್ಲಿ.

"ವಾಪಸ್ ಕರೀರಿ ಅದನ್ನ!"

"ಕರೀಬಹುದು. ಹೋದ ದಾರಿಯಲ್ಲೇ ವಾಪಸ್ ಬರಬೇಕು." ಹೀಗೆಂದು ಇನ್ನೂ ಒಂದು ಕೆಜಿ ನಿಂಬೆ ಉಪ್ಪು ಸುರಿದು ಬಿಂದಿಗೆಯನ್ನು ಮತ್ತೆ ಮುಳುಗಿಸಿದರು. ಚಿಲಕ, ಚೈನು ಅಲ್ಲೇ ಇದ್ದವು. ಸಂಜೆಗೆ ಬಿಂದಿಗೆ ಇನ್ನೂ ಚೆನ್ನಾಗಿ ಕೆಂಪಾಯಿತು. ಚೌಡಮ್ಮ ಇಣುಕಿ ನೋಡಿ, "ತಾಮ್ರದ್ದು ತಗೊಂಡ್ರಾ ಹಾಲಮ್ಮಕ್ಕ? ಒಳ್ಳೇದು, ಆರೋಗ್ಯಕ್ಕೆ ತಾಮ್ರಾನೇ ಸರಿ" ಎಂದಳು. ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಇಂಥ ಹೊತ್ತಿನಲ್ಲೇ ಶಿವಯೋಗಿ ಬರಬೇಕೇ? ಬಂದ, ಬಿಂದಿಗೆ ನೋಡಿದ, ಕಾಫಿಯನ್ನೂ ಕುಡಿಯದೆ ಭದ್ರಾವತಿ ಬಸ್ ಹತ್ತಿದ. ಯಾರಿಗೂ ಹೇಳುವುದಿಲ್ಲವೆಂದು ಅಕ್ಕನಿಗೆ ಆಣೆ ಮಾಡಿದ್ದ. ಆ ಆಣೆಗೆ ಬದ್ಧನಾಗಿ, ಒಬ್ಬನಿಗೆ ಮಾತ್ರ, ಅದೂ ಯಾರಿಗೂ ಹೇಳಬೇಡ ಎಂದು ಹೇಳಿದ. ಭದ್ರಾವತಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಸುದ್ದಿ "ಬಿಂದಿಗೆಯ ಬಣ್ಣ ಹೋಗಿದೆ" ಎಂದಿತ್ತು. ಸೇತುವೆ ದಾಟುವಾಗ "ಬಿಂದಿಗೆ ಬದಲಾಯಿಸಿದ್ದಾರೆ" ಎಂದಾಯಿತು. ಆಗ ಯಾರೋ ಬುದ್ಧಿವಂತರು, ತಾಮ್ರ ಹಿತ್ತಾಳೆಗಿಂತ ದುಬಾರಿಯಲ್ಲವೇ, ಬದಲಾಯಿಸಿ ಅವರಿಗೇನು ಲಾಭ ಎಂದು ಕೇಳಿದರು. ಸುದ್ದಿ ಅರೆಕ್ಷಣ ತಬ್ಬಿಬ್ಬಾಯಿತು. ನ್ಯೂ ಟೌನ್ ತಲುಪುವಷ್ಟರಲ್ಲಿ ಅದಕ್ಕೂ ಉತ್ತರ ಸಿಕ್ಕಿತ್ತು. ವೀರಮ್ಮಜ್ಜಿಯ ಬಿಂದಿಗೆಯಲ್ಲಿ ಬಂಗಾರವಿತ್ತು. ಶಿವಮೊಗ್ಗದ ಪ್ರೊಫೆಸರು ಆಸಿಡ್ ಹಾಕಿ ಬಂಗಾರವನ್ನೆಲ್ಲ ಇಳಿಸಿಕೊಂಡಿದ್ದಾರೆ. ಹಳದಿ ಹೋಗಿರುವುದೇ ಸಾಕ್ಷಿ.

ಮರುದಿನ ಷಡಕ್ಷರಪ್ಪನವರ ಫೋನು ಬಂತು. "ನಮಸ್ಕಾರ. ಮಾತೃಶ್ರೀಯವರು ನಿನ್ನೆಯಿಂದ ಆಹಾರವನ್ನು ಸ್ವೀಕರಿಸಿಲ್ಲ. ನಿಶ್ಚಿತಾರ್ಥದ ಕುರಿತು ಮರುಚಿಂತನೆ ಆಗುತ್ತಿದೆ. ದಯಮಾಡಿ ತಾವು ಬಿಂದಿಗೆ ಸಮೇತ ಆಗಮಿಸಬೇಕು."

ಮೂರ್ತಪ್ಪನವರು ಫೋನು ಕೆಳಗಿಟ್ಟು ಕೂತರು. ಮಗಳು ಬಂದು ಪಕ್ಕದಲ್ಲಿ ಕೂತಳು. ನಾನೂ ಅಲ್ಲೇ ಇದ್ದೆ. ನೆರೆಯವನೆಂದ ಮೇಲೆ ಇಂಥ ಹೊತ್ತಿನಲ್ಲಿ ಎದ್ದು ಹೋಗುವುದು ಧರ್ಮವಲ್ಲ.

"ಅಪ್ಪಾ, ಯೋಗರಾಜ್ ಫೋನ್ ಮಾಡಿದ್ರು. ಅಜ್ಜಿ ಬೇಡ ಅಂದ್ರೆ ಅವರ ಮನೇಲಿ ಯಾರೂ ಮೀರಲ್ಲ ಅಂತೆ."

"ನಿನಗೆ ಆ ಹುಡುಗ ಅಷ್ಟು ಇಷ್ಟನಾ ಮಗಳೇ?"

"ಹೂಂ." ಅವಳು ಅಪ್ಪನ ಕೈ ಹಿಡಿದು, "ಅಪ್ಪಾ, ಹೋಗಿ ನಿಜ ಹೇಳ್ಬಿಡು. ಎಲ್ಲಾ ನಿಜಾನೂ" ಎಂದಳು. ಬಿಂದಿಗೆಯ ವಿಷಯದಲ್ಲಿ ಅದೆಷ್ಟು ನಿಜಗಳಿವೆಯೆಂದು ನನಗಾಗ ಅರ್ಥವಾಗಲಿಲ್ಲ. ಮೂರ್ತಪ್ಪನವರ ಮುಖ ಮಾತ್ರ ಬಿಳಿಚಿತು.

ಮೂರ್ತಪ್ಪನವರು, ಹಾಲಮ್ಮ, ಸಾಕ್ಷಿಗೆ ನಾನು, ಮೂವರೂ ಹೊರಟೆವು. ಬಿಂದಿಗೆಗೆ ಟವೆಲ್ ಸುತ್ತಿ ಮಡಿಲಲ್ಲಿಟ್ಟುಕೊಂಡು ಮೂರ್ತಪ್ಪನವರು ಪ್ರೈವೇಟ್ ಬಸ್ಸಿನಲ್ಲಿ ಕೂತಿದ್ದರು. ಕಂಡಕ್ಟರ್ ಬಂದು, "ಏನ್ ಸಾರ್ ಅದು, ಮಗುನಾ? ಅರ್ಧ ಟಿಕೆಟ್ ಆಗುತ್ತೆ" ಎಂದ. "ಬಿಂದಿಗೆ ಕಣಪ್ಪ." "ಹಾಗಾದ್ರೆ ಲಗೇಜು." ನಾನು ಎದ್ದು, ಮಡಿಲಲ್ಲಿರುವುದು ಲಗೇಜಲ್ಲವೆಂದೂ, ಈ ವಿಷಯದಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆಯೆಂದೂ ವಾದಿಸಿದೆ. ವಾದದಲ್ಲಿ ಟವೆಲ್ ಜಾರಿತು. ಮುಂದಿನ ಸೀಟಿನ ಹೆಂಗಸು ತಿರುಗಿ, "ಅಯ್ಯೋ, ನ್ಯೂ ಟೌನ್ ಅಜ್ಜಿ ಬಿಂದಿಗೆ ಅಂದ್ರೆ ಇದೇನಾ? ಬಂಗಾರ ತೆಗೆದ ಪ್ರೊಫೆಸರ್ ನೀವೇನಾ ಸಾರ್?" ಎಂದಳು. ಇಡೀ ಬಸ್ಸು ಎದ್ದು ನಿಂತು ನೋಡಿತು. ಕಂಡಕ್ಟರ್ ತುಸು ಬಗ್ಗಿ, "ಸಾರ್, ನಮ್ಮನೇಲೂ ಒಂದು ಹಳೇ ಹಂಡೆ ಇದೆ. ಫಿಫ್ಟಿ ಫಿಫ್ಟಿ ಮಾಡ್ಕೊಳ್ಳೋಣ" ಎಂದ. ಆಮೇಲೆ ಲಗೇಜಿನ ಮಾತೆತ್ತಲಿಲ್ಲ.

ನ್ಯೂ ಟೌನಿನ ಮನೆಯ ಜಗಲಿಯಲ್ಲಿ ವೀರಮ್ಮಜ್ಜಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಷಡಕ್ಷರಪ್ಪನವರು, ಮೂಲೆಯಲ್ಲಿ ಮುಖ ಬಾಡಿಸಿಕೊಂಡ ಯೋಗರಾಜ್, ಕಂಬದ ಹಿಂದೆ ಅಡಗಿದ ಶಿವಯೋಗಿ. ತಜ್ಞರೆಂದು ಪಾತ್ರೆ ಅಂಗಡಿಯ ಶಿವರಾಜ್‌ನನ್ನು ಕರೆಸಿದ್ದರು. ಅವನು ಬಿಂದಿಗೆಯನ್ನು ತಿರುಗಿಸಿ, ತಟ್ಟಿ, ಮೂಸಿ, "ತಾಮ್ರ" ಎಂದ.

"ಅದೇ ಬಿಂದಿಗೆ ಅಜ್ಜಿ, ಹೆಸರು ನೋಡಿ" ಎಂದರು ಮೂರ್ತಪ್ಪನವರು.

"ಹೆಸರೂ ಕೊರೆಸಿದ್ದಾರೆ!" ಎಂದ ಶಿವರಾಜ್.

"ನಗ್ಗು ನೋಡಿ!"

"ನಗ್ಗೂ ಮಾಡ್ಸಿದ್ದಾರೆ! ಈಗಿನ ಕಾಲದಲ್ಲಿ ಒಂದು ನಗ್ಗು ಮಾಡ್ಸೋದು ಏನು ಕಷ್ಟ ಮಾರಾಯ್ರೇ?"

ಮೂರ್ತಪ್ಪನವರು ಬೆವರು ಒರೆಸಿಕೊಂಡು ನಿಂಬೆ ಉಪ್ಪಿನ ಕಥೆ ಶುರುಮಾಡಿದರು. ಒಂದು ಕೈ, ಎರಡು ಕೈ, ಮೂರು ಕೈ. ಅಜ್ಜಿ ಕೈಯೆತ್ತಿ ನಿಲ್ಲಿಸಿದಳು.

"ನಿಂಬೆಹಣ್ಣಿನ ಉಪ್ಪಿಗೆ ಇಷ್ಟು ಶಕ್ತಿ ಇದ್ರೆ ನನ್ನ ಉಪ್ಪಿನಕಾಯಿ ಭರಣಿ ಇಷ್ಟೊತ್ತಿಗೆ ಏನಾಗಬೇಕಿತ್ತು? ಅಕ್ಕಸಾಲಿಗರೂ ಆಸಿಡ್ ಹಾಕೇ ಬಂಗಾರ ಬೇರೆ ಮಾಡೋದು, ನನಗೂ ಗೊತ್ತು. ಗೊತ್ತಿಲ್ಲದೋರು ಮಾಡಿದ್ರೆ ತಪ್ಪು ಅನ್ಬಹುದು. ನೀವು ಕೆಮಿಸ್ಟ್ರಿ ಪ್ರೊಫೆಸರು. ಪ್ರೊಫೆಸರಿಗೆ ಆಸಿಡ್ ಏನು ಮಾಡುತ್ತೆ ಅಂತ ಗೊತ್ತಿರಲ್ವಾ? ಗೊತ್ತಿದ್ದೂ ಹಾಕಿದ್ದೀರಿ ಅಂದ್ಮೇಲೆ ಬೇಕಂತಲೇ ಹಾಕಿದ್ದೀರಿ. ಇಂಥೋರ ಮನೆ ಹೆಣ್ಣು ನಮಗೆ ಬೇಡ."

ಲಾಯರ್ ಇದ್ದಿದ್ದರೂ ಆ ವಾದವನ್ನು ಮುರಿಯಲು ಆಗುತ್ತಿರಲಿಲ್ಲ. ಯೋಗರಾಜ್ ನೆಲ ನೋಡುತ್ತಿದ್ದ. ಹಾಲಮ್ಮ ಅಳುತ್ತಿದ್ದರು. ಮೂರ್ತಪ್ಪನವರು ಎದ್ದು ನಿಂತರು. ನಾವು ಹೊರಟೆವು ಎಂದುಕೊಂಡು ನಾನೂ ಎದ್ದೆ. ಆದರೆ ಅವರು ಹೊರಡಲಿಲ್ಲ.

"ನಾನು ಪ್ರೊಫೆಸರ್ ಅಲ್ಲ ಅಜ್ಜಿ."

"ಮತ್ತೆ?"

"ಮೇಷ್ಟ್ರೂ ಅಲ್ಲ. ಅಟೆಂಡರು. ಮೂವತ್ನಾಲ್ಕು ವರ್ಷ ಲ್ಯಾಬಲ್ಲಿ ಗಾಜಿನ ಸಾಮಾನು ತೊಳ್ದಿದ್ದೀನಿ. ಟೆಸ್ಟ್ ಟ್ಯೂಬು, ಬೀಕರು, ಫ್ಲಾಸ್ಕು. ಮೇಷ್ಟ್ರು ಪಾಠ ಮಾಡೋವಾಗ ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ. ಅರ್ಧ ಪಾಠ ಆಗೋ ಹೊತ್ಗೆ ಹಿಂದಿನ ಬ್ಯಾಚಿನ ಸಾಮಾನು ತೊಳೆಯೋಕೆ ಹೋಗ್ಬೇಕಿತ್ತು. ಅದಕ್ಕೇ ನನಗೆ ಎಲ್ಲಾ ಪಾಠಾನೂ ಅರ್ಧರ್ಧ ಗೊತ್ತು. ಆಸಿಡ್ ಹಿಡ್ಕೊಳ್ಳುತ್ತೆ ಅನ್ನೋದು ಮೊದಲರ್ಧ. ಆಮೇಲೇನಾಗುತ್ತೆ ಅನ್ನೋದು ನಾನು ಕೇಳಿಲ್ಲ. ನನಗೆ ಬಂಗಾರ ತೆಗೆಯೋಕೂ ಬರಲ್ಲ, ಹಿತ್ತಾಳೆ ಉಳಿಸೋಕೂ ಬರಲ್ಲ. ನನ್ನ ಜಂಬಕ್ಕೆ ನನ್ನ ಮಗಳಿಗೆ ಶಿಕ್ಷೆ ಕೊಡಬೇಡಿ."

ನನಗೆ ಮೊದಲು ಬಂದದ್ದು ಸಿಟ್ಟು. ಆರು ವರ್ಷದಿಂದ ಈ ಮನುಷ್ಯನಿಗೆ ನಾನು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದೆ. ಆಮೇಲೆ ಸಿಟ್ಟು ಇಳಿಯಿತು. ಅಷ್ಟು ಜನರ ಮುಂದೆ ಅಂಥ ಮಾತು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಶಿವರಾಜ್ ಮಾತ್ರ ಒಪ್ಪಲಿಲ್ಲ. "ನಂಬಬೇಡಿ ಅಜ್ಜಿ. ತಪ್ಪಿಸ್ಕೊಳ್ಳೋಕೆ ಅಟೆಂಡರ್ ವೇಷ ಹಾಕ್ತಿದ್ದಾರೆ. ಮಾತು ಕೇಳಿ, ಪಕ್ಕಾ ಪ್ರೊಫೆಸರೇ!"

ಬಹುಶಃ ಭೂಮಿಯ ಮೇಲೆ ಮೊದಲ ಬಾರಿಗೆ ಒಬ್ಬ ಅಟೆಂಡರ್ ತಾನು ಅಟೆಂಡರ್ ಎಂದು ಸಾಬೀತು ಮಾಡಬೇಕಾಗಿ ಬಂತು. ವೀರಮ್ಮಜ್ಜಿ ಒಳಗೆ ಹೋಗಿ ಕತ್ತು ಸಣ್ಣದಾದ ಒಂದು ಗಾಜಿನ ಸೀಸೆ ತಂದಳು. ಎಳ್ಳೆಣ್ಣೆ ಒಣಗಿ ಒಳಗೆಲ್ಲ ಮೇಣದಂತೆ ಅಂಟಿತ್ತು. "ಎರಡು ವರ್ಷದಿಂದ ಇದನ್ನ ಯಾರಿಗೂ ತೊಳೆಯೋಕೆ ಆಗಿಲ್ಲ. ತೊಳೆದು ತೋರ್ಸಿ" ಎಂದಳು.

ಹಿತ್ತಲ ಕಲ್ಲಿನ ಬಳಿ ಮೂರ್ತಪ್ಪನವರು ಪಂಚೆ ಎತ್ತಿ ಕಟ್ಟಿ ಕೂತರು. ಬಿಸಿನೀರು ಕೇಳಿದರು, ಸೋಪಿನ ಪುಡಿ ಕೇಳಿದರು, ಒಂದು ಹಿಡಿ ಅಕ್ಕಿ ಕೇಳಿದರು. ಮೂರನ್ನೂ ಸೀಸೆಗೆ ಹಾಕಿ, ಹೆಬ್ಬೆರಳಿನಿಂದ ಬಾಯಿ ಒತ್ತಿ, ಮಣಿಕಟ್ಟನ್ನು ಮಾತ್ರ ತಿರುಗಿಸಿದರು. ಒಳಗೆ ಅಕ್ಕಿ ಸುಳಿ ಸುತ್ತಿತು. ಎರಡು ಸಲ ಚೆಲ್ಲಿ, ಮೂರು ಸಲ ಗಲಬರಿಸಿ, ಬೆಳಕಿಗೆ ಹಿಡಿದರು. ಗೋಡೆಯ ಮೇಲೆ ಸೀಸೆಯ ನೆರಳೇ ಬೀಳಲಿಲ್ಲವೇನೋ ಎನ್ನುವಷ್ಟು ಸ್ವಚ್ಛವಾಗಿತ್ತು. ಕೊನೆಗೆ ಅಭ್ಯಾಸಬಲದಿಂದ ಅದನ್ನು ತಲೆಕೆಳಗು ಮಾಡಿ ಕಲ್ಲಿನ ಮೇಲೆ ಒಣಗಲು ಇಟ್ಟರು.

ಅಜ್ಜಿ ಆ ಸೀಸೆಯನ್ನು ಮೂರು ಸಲ ನೋಡಿದಳು. "ಇದು ಓದಿದ ಕೈ ಅಲ್ಲ" ಎಂದಳು. ಅದು ಹೊಗಳಿಕೆಯೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. "ನೀನು ನಿಜಾನೇ ಹೇಳ್ತಿದ್ದೀಯ ಕಣಪ್ಪ. ಇರಲಿ, ಕೂತಿದ್ದೀಯಲ್ಲ, ಆ ಬಿಂದಿಗೆನೂ ಒಂದು ಸಲ ಉಜ್ಜು. ತಾಮ್ರವಾದ್ರೂ ಬೆಳಗಿ ಕೊಡಬೇಕಲ್ವಾ." ಇಷ್ಟು ಹೇಳಿ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ತಂದು ಮುಂದಿಟ್ಟಳು.

ಮೂರ್ತಪ್ಪನವರು ಉಜ್ಜತೊಡಗಿದರು. ನಾಲ್ಕು ಸುತ್ತು, ಐದು ಸುತ್ತು. ನಾರಿನಲ್ಲಿ ಕೆಂಪು ಬಂತು. ನಗ್ಗಿನ ಅಂಚಿನಲ್ಲಿ ಒಂದು ಗೆರೆ ಹಳದಿ ಕಂಡಿತು. ಅವರ ಕೈ ಅಲ್ಲೇ ನಿಂತಿತು. ಉಗುರಿನಿಂದ ಗೀರಿ ನೋಡಿದರು. ಒಳಗೆಲ್ಲ ಹಿತ್ತಾಳೆ! ತಾಮ್ರ ಬರೀ ಮೇಲಿನ ಪದರ. ಚಿಲಕ, ಚೈನಿನ ಕಬ್ಬಿಣದ ಸಹವಾಸದಲ್ಲಿ ಆಸಿಡ್ಡಿನಲ್ಲಿ ಕರಗಿದ ತಾಮ್ರವೇ ವಾಪಸ್ ಬಂದು ಬಿಂದಿಗೆಗೆ ಬಳಿದುಕೊಂಡಿದೆಯೆಂದು ಆಮೇಲೆ ದೀಪಶ್ರೀ ಎಲ್ಲೋ ಓದಿ ಹೇಳಿದಳು. ಅದು ಪಾಠದ ಎರಡನೆಯ ಅರ್ಧ ಇರಬೇಕು.

ಮೂರ್ತಪ್ಪನವರು ಮೈಮೇಲೆ ಬಂದವರಂತೆ ಉಜ್ಜಿದರು. ವೀರಮ್ಮ ಎಂಬ ಚುಕ್ಕಿಗಳು ಒಂದೊಂದಾಗಿ ಹಳದಿಯಲ್ಲಿ ಎದ್ದು ಬಂದವು. ಅಜ್ಜಿ ಬಿಂದಿಗೆಯನ್ನು ಕಸಿದು ಸೊಂಟಕ್ಕಿಟ್ಟುಕೊಂಡಳು. "ಬಂಗಾರ ಎಲ್ಲೂ ಹೋಗಿಲ್ಲ! ಒಳಗೇ ಇತ್ತು!" ಎಂದು ಕೂಗಿದಳು. ಯಾರೂ ತಿದ್ದಲು ಹೋಗಲಿಲ್ಲ. ಶಿವರಾಜ್‌ಗೆ ಅಂಗಡಿಯಲ್ಲಿ ಏನೋ ಅರ್ಜೆಂಟ್ ಕೆಲಸ ನೆನಪಾಗಿ ಎದ್ದುಹೋದ.

"ಷಡಕ್ಷರೀ, ನಿಶ್ಚಿತಾರ್ಥ ಮೊದ್ಲು ಗೊತ್ತು ಮಾಡಿದ ಸೋಮವಾರಾನೇ ಆಗ್ಲಿ" ಎಂದಳು ಅಜ್ಜಿ. ಯೋಗರಾಜ್ ಫೋನು ಹಿಡಿದು ಹಿತ್ತಲಿನ ತೆಂಗಿನಮರದ ಹಿಂದೆ ಓಡಿದ. ಷಡಕ್ಷರಪ್ಪನವರು ಮೂರ್ತಪ್ಪನವರನ್ನು ಒದ್ದೆ ಕೈ ಸಮೇತ ಅಪ್ಪಿಕೊಂಡು, "ಅಟೆಂಡರು ಅಂತ ಮೊದ್ಲೇ ಹೇಳಬಾರ್ದಿತ್ತೇನ್ರೀ ಮಾರಾಯ್ರೇ! ಒಂದು ತಿಂಗಳಿಂದ ಆ ಕನ್ನಡ ಮಾತಾಡಿ ಮಾತಾಡಿ ನನ್ನ ದವಡೆ ಬಿದ್ದುಹೋಗಿತ್ತು!" ಎಂದರು. ಮೂರ್ತಪ್ಪನವರು ಅತ್ತರು, ನಕ್ಕರು, ಹೋಳಿಗೆ ತಿಂದರು. ಅಷ್ಟು ಹಗುರಾದ ಮನುಷ್ಯನನ್ನು ನಾನು ಕಂಡಿರಲಿಲ್ಲ.

ಒಬ್ಬರು ಮಾತ್ರ ಆ ಹೊತ್ತಿನಿಂದ ಮಾತಾಡಿರಲಿಲ್ಲ. ಹಾಲಮ್ಮ. ಗಂಡ ಅಟೆಂಡರೆಂಬುದು ಅವರಿಗೆ ಹೊಸ ವಿಷಯವಲ್ಲ, ಸಂಬಳದ ಚೀಟಿ ನೋಡಿದ್ದರು. ಅಟೆಂಡರ್ ಎಂದರೆ ಹುಡುಗರಿಗೆ ಆಸಿಡ್ ಎತ್ತಿಕೊಡುವವರು ಎಂದುಕೊಂಡಿದ್ದರಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಆಚೆಯೇ ನೋಡುತ್ತ ಕೂತಿದ್ದರು. ಅರ್ಧ ದಾರಿಯಲ್ಲಿ ಒಮ್ಮೆ, "ಮೂವತ್ನಾಲ್ಕು ವರ್ಷ ತೊಳ್ದಿದ್ದೀರಾ?" ಎಂದು ಕೇಳಿದರು.

"ಹೂಂ" ಎಂದರು ಮೂರ್ತಪ್ಪನವರು ಹೆಮ್ಮೆಯಿಂದ. "ಒಂದು ದಿನಕ್ಕೆ ಇನ್ನೂರು ಟ್ಯೂಬು. ಒಂದೂ ಒಡೆದಿಲ್ಲ."

"ಒಂದೂ ಒಡೆದಿಲ್ಲ" ಎಂದು ಹಾಲಮ್ಮ ನಿಧಾನವಾಗಿ ಮತ್ತೆ ಹೇಳಿಕೊಂಡರು. "ಮದುವೆಯಾದಾಗ ನೀವೇ ಅಲ್ವಾ ಹೇಳಿದ್ದು, ನನಗೆ ಪಾತ್ರೆ ಮುಟ್ಟಿದ್ರೆ ಕೈ ನಡುಗುತ್ತೆ, ಹುಟ್ಟಿನಿಂದ ಹಾಗೇ ಅಂತ?"

ಮೂರ್ತಪ್ಪನವರು ನನ್ನ ಕಡೆ ನೋಡಿದರು. ನಾನು ಸ್ಟಾಪ್ ಬಂತೇನೋ ಎಂದು ಹೊರಗೆ ನೋಡಿದೆ.

ನಮ್ಮ ಅಡುಗೆಮನೆಯ ಕಿಟಕಿ ಅವರ ಅಡುಗೆಮನೆಯ ಕಿಟಕಿಗೆ ಎದುರಿಗಿದೆ. ನಾವು ಮನೆ ಸೇರಿ ಹತ್ತು ನಿಮಿಷವಾಗಿರಲಿಲ್ಲ, ಆ ಕಡೆ ಟಿವಿ ಹಾಕಿದ ಸದ್ದು ಕೇಳಿತು. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ಹಾಲಮ್ಮನ ದನಿ, ಅಷ್ಟು ನೆಮ್ಮದಿಯ ದನಿಯನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ.

"ಪ್ರೊಫೆಸರೇ, ಸಿಂಕಲ್ಲಿ ಬೆಳಗಿನ ಪಾತ್ರೆ ಹಾಗೇ ಇದೆ ನೋಡಿ."